ಬುಟ್ಟಿಯ ವಿಷಯವಾಗಿ ಅಮ್ಮನಿಗೆ

ರೀನೋ, ನೆವಾಡಾ
ನಾಗರ ಪಂಚಮಿ

ಪೂಜ್ಯ ಅಪ್ಪ ಅಮ್ಮನವರಿಗೆ ನಿಮ್ಮ ರಾಘು ಮಾಡುವ ನಮಸ್ಕಾರಗಳು. ನಾನು ಕ್ಷೇಮ, ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಸುಮಾಳ ಮದುವೆ ಕಾರ್ತಿಕದಲ್ಲಿ ನಿಶ್ಚಯವಾಗಿರುವಾಗ ನಾನು ಹಳೆಯ ಬುಟ್ಟಿಯೊಂದಕ್ಕೆ 600 ಡಾಲರ್ ಸುರಿದೆನೆಂದು ಶ್ರೀಧರನಿಂದ ತಿಳಿದು ನಿಮಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲವೆಂದು ಓದಿದಾಗ ನನಗೂ ಊಟ ಸೇರಲಿಲ್ಲ. ಮದುವೆಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪೈಸೆಯನ್ನೂ ನಾನು ಮುಟ್ಟಿಲ್ಲ. ಬುಟ್ಟಿಯ ಹಣ ಶನಿವಾರಗಳಂದು ಹೆಚ್ಚಿನ ಪಾಳಿ ಮಾಡಿ ದುಡಿದದ್ದು. 8 ಕಂತುಗಳಲ್ಲಿ ಕೊಟ್ಟೆ, ಕೊನೆಯ ಕಂತೂ ತೀರಿದೆ. ಸಾಲವಿಲ್ಲ.

‘ಮೇದರಕೇರಿಯಲ್ಲಿ ಸಿಗದ ಬುಟ್ಟಿಯೇ ಅದು’ ಎಂದು ಅಪ್ಪ ಕೇಳಿದ್ದಾರೆ. ಇದು ಪಯೂಟ್ ಎಂಬ ಇಲ್ಲಿನ ಮೂಲನಿವಾಸಿಗಳ ಹೆಂಗಸೊಬ್ಬಳು ನೇಯ್ದದ್ದು, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಎಲೆಯುದುರಿದ ಮೇಲೆ ವಿಲೋ ಗಿಡದ ಎಳೆಯ ಕಡ್ಡಿಗಳನ್ನು ಕೊಯ್ದು ತಂದು, ಕಡ್ಡಿಯ ತುದಿಯನ್ನು ಸೀಳಿ, ಒಂದು ಸೀಳನ್ನು ಹಲ್ಲಿನಲ್ಲಿ ಕಚ್ಚಿ, ಉಳಿದೆರಡನ್ನು ಎರಡು ಕೈಗಳಲ್ಲಿ ಹಿಡಿದು ಸಮನಾಗಿ ಎಳೆದರೆ ಅದು ಮೂರು ಎಳೆಯಾಗುತ್ತದೆ. ಒಂದು ಕಡೆ ಬಿಗಿ ಹೆಚ್ಚಾದರೂ ಎಳೆ ನಡುವಿನಲ್ಲೇ ತುಂಡಾಗುತ್ತದೆ. ಆಮೇಲೆ ಒಳಗಿನ ತಿರುಳನ್ನೂ ಮೇಲಿನ ಸಿಪ್ಪೆಯನ್ನೂ ಹೆರೆದು, ದಾರದಷ್ಟು ನಯವಾದ ಎಳೆಯನ್ನು ಕಡ್ಡಿಗಳ ಸುರುಳಿಯ ಮೇಲೆ ದಬ್ಬಳದಿಂದ ತೂತು ಮಾಡುತ್ತ ಸುತ್ತಿ ಬಿಗಿಯುತ್ತ ಹೋಗಬೇಕು. ನನ್ನ ಬುಟ್ಟಿಯ ಒಂದು ಅಂಗುಲದೊಳಗೆ ಎಷ್ಟು ಸುತ್ತುಗಳಿವೆಯೆಂದು ಭೂತಗನ್ನಡಿ ಹಿಡಿದು ಎಣಿಸಲು ಕುಳಿತೆ, ಎರಡು ಸಲ ಲೆಕ್ಕ ತಪ್ಪಿತು. ಹೊರಮೈಗೆ ನೀಲಿ ಬಿಳಿ ಗಾಜಿನ ಮಣಿಗಳನ್ನು ಪೋಣಿಸಿ ಹೊಲಿದಿದ್ದಾಳೆ. ಬಾಯಂಚಿನ ಹತ್ತಿರ ನೀಲಿಯ ಸಾಲಿನಲ್ಲಿ ಒಂದೇ ಒಂದು ಹಸಿರು ಮಣಿಯಿದೆ. ನೀಲಿ ಮಣಿ ಸಾಲದೆ ಬಂದದ್ದೋ, ಬೇಕೆಂದೇ ಇಟ್ಟದ್ದೋ, ದಿನವೂ ನೋಡುತ್ತೇನೆ. ಅವಳ ಹೆಸರು ಮಾರಿದವರಿಗೂ ಗೊತ್ತಿರಲಿಲ್ಲ. ಅದೊಂದು ನನಗೆ ಬಹಳ ನೋವು.

ಈ ಜನ ಬುಟ್ಟಿಯಲ್ಲಿ ಅಡುಗೆಯನ್ನೂ ಮಾಡುತ್ತಿದ್ದರೆಂದರೆ ನೀವು ನಂಬಲಿಕ್ಕಿಲ್ಲ. ಬಿಗಿಯಾಗಿ ನೇಯ್ದ ಬುಟ್ಟಿಯಲ್ಲಿ ನೀರೂ ಹಿಟ್ಟೂ ಹಾಕಿ, ಕೆಂಡದಲ್ಲಿ ಕಾಯಿಸಿದ ಕಲ್ಲುಗಳನ್ನು ಇಳಿಬಿಟ್ಟು ಕದಡುತ್ತ ಗಂಜಿ ಬೇಯಿಸುತ್ತಿದ್ದರು. ನಾವು ಮೊರಕ್ಕೆ ಸೆಗಣಿ ಸಾರಿಸುವಂತೆ ಕಡ್ಡಿಯಲ್ಲಿ ನೇಯ್ದ ನೀರಿನ ಕೊಡಕ್ಕೆ ಪೈನ್ ಮರದ ಅಂಟು ಬಳಿಯುತ್ತಿದ್ದರು. ಪಕ್ಕದ ಕ್ಯಾಲಿಫೋರ್ನಿಯಾದ ಮೋನೋ ಸರೋವರದ ದಡದಲ್ಲಿ ರಾಶಿ ಬೀಳುವ ಒಂದು ಬಗೆಯ ನೊಣದ ಕೋಶಗಳನ್ನು ಒಣಗಿಸಿ, ನೀವು ಅಕ್ಕಿ ಕೇರುವ ಹಾಗೆಯೇ ಮೊರದಲ್ಲಿ ಕೇರಿ ತಿನ್ನುತ್ತಿದ್ದರು. ಅಸಹ್ಯಪಡಬೇಡಿ; ಅದು ಅವರಿಗೆ ಚಳಿಗಾಲದ ದಾಸ್ತಾನು.

ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಲೂಸಿ ಟೆಲ್ಲಿಸ್ ಎಂಬ ಪಯೂಟ್ ಹೆಂಗಸು 1929ರಿಂದ 1933ರವರೆಗೆ ನಾಲ್ಕು ವರ್ಷ ಕುಳಿತು ನೇಯ್ದ ಬುಟ್ಟಿಯಿದೆ. ಅಡ್ಡಳತೆ 36 ಅಂಗುಲ, ಎತ್ತರ 20 ಅಂಗುಲ. ನಮ್ಮ ಮನೆಯ ಹಂಡೆಗಿಂತ ದೊಡ್ಡದು. ರೆಡ್‌ಬಡ್ ಗಿಡದ ತೊಗಟೆಯ ಕೆಂಪು, ಜರಿಗಿಡದ ಬೇರಿನ ಕಪ್ಪು, ಇವೆರಡೇ ಬಣ್ಣಗಳು ಬುಡದಿಂದ ಅಂಚಿನವರೆಗೆ ಒಂದು ಎಳೆಯೂ ಜಾರದಂತೆ ಏರುತ್ತವೆ. ಬುಟ್ಟಿ ಅಗಲವಾದಂತೆ ವಿನ್ಯಾಸವೂ ಅಗಲವಾಗಬೇಕಲ್ಲವೇ, ಆ ಲೆಕ್ಕವೆಲ್ಲ ತಲೆಯಲ್ಲೇ. 1939ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರಂತೆ. ಪಯೂಟ್ ಜನರವಳೇ ಆದ ಕ್ಯಾರಿ ಬೆಥೆಲ್ ಎಂಬಾಕೆ ನೇಯ್ದ ಬುಟ್ಟಿಯೊಂದು 2006ರ ಹರಾಜಿನಲ್ಲಿ 2 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಆಕೆ ತೀರಿಕೊಂಡದ್ದು 1974ರಲ್ಲಿ. ನಾನು ಕೊಟ್ಟದ್ದು ಹೆಚ್ಚೋ ಕಡಿಮೆಯೋ ನೀವೇ ಹೇಳಿ. ಆದರೂ ಮುಂದೆ ಬೆಲೆ ಬರುತ್ತದೆಂಬ ಆಸೆಯಿಂದ ನಾನು ಕೊಂಡಿಲ್ಲ, ಮಾರುವುದೂ ಇಲ್ಲ.

ಅಮ್ಮ, ಈ ಸಲ ಗೌರಿ ಹಬ್ಬಕ್ಕೆ ಬಾಗಿನದ ಮೊರ ತರುವಾಗ ಮೇದರ ಅಜ್ಜಿಯೊಡನೆ ಚೌಕಾಸಿ ಮಾಡಬೇಡಿ. ಕೇಳಿದಷ್ಟು ಕೊಡಿ, ಅವಳ ಹೆಸರನ್ನೂ ಕೇಳಿ ನನಗೆ ಬರೆಯಿರಿ. ಹದಿನೆಂಟು ವರ್ಷ ನಮ್ಮ ಮನೆಗೆ ಮೊರ ಕೊಟ್ಟವಳ ಹೆಸರು ನನಗೆ ತಿಳಿಯದು.

ಮದುವೆಯ ಬಗ್ಗೆ ಮತ್ತೆ ಹೇಳುತ್ತೇನೆ, ಚಿಂತೆ ಬೇಡವೇ ಬೇಡ. ಛತ್ರದ ಮುಂಗಡ ಸೋಮವಾರವೇ ಕಳಿಸುತ್ತೇನೆ, ಒಡವೆಯ ಹಣ ಭಾದ್ರಪದದೊಳಗೆ ಬರುತ್ತದೆ, ಅಡುಗೆಯವರಿಗೂ ಧೈರ್ಯವಾಗಿ ಮಾತು ಕೊಡಿ. ನನ್ನ ಆರೋಗ್ಯ ಚೆನ್ನಾಗಿದೆ, ಕೆಲಸ ಭದ್ರವಾಗಿದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಶ್ರೀಧರನ ಮೇಲೆ ನನಗೆ ಸಿಟ್ಟಿಲ್ಲವೆಂದು ಅವನಿಗೆ ತಿಳಿಸಿ. ಬುಟ್ಟಿಯನ್ನು ಮದುವೆಗೆ ಬರುವಾಗ ಕೈಚೀಲದಲ್ಲೇ ತರುತ್ತೇನೆ, ಸುಮಾ ಅದರಲ್ಲಿ ಕುಂಕುಮದ ಭರಣಿ ಇಟ್ಟುಕೊಳ್ಳಲಿ.

ಪಾಳಿಗೆ ಹೊತ್ತಾಯಿತು, ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ ನಿಮ್ಮ ಮಗ
ರಾಘು