ಬೆಣ್ಣೆ-ತುಪ್ಪ ಬಿಟ್ಟ ಗೆಳೆಯನಿಗೆ, ಅಡಿಸ್ ಅಬಾಬಾದಿಂದ

ಪ್ರೀತಿಯ ದೋಸ್ತ,

ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟೆ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಆದರೆ ಅದರ ಕೆಳಗೇ ಊಟ ಮಾಡಿದ ಹಾಗೇ ಆಗುವುದಿಲ್ಲ, ಎರಡು ತಾಸಿಗೆ ಮತ್ತೆ ಹಸಿವು ಅಂತಲೂ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ನೀನು ದಿನಿಚ್ ವೊಟ್ ಮಾಡಿಕೊಂಡು ತಿನ್ನಬೇಕು. ಆಲೂಗಡ್ಡೆ ಹಾಕಿದ ಗಟ್ಟಿಯಾದ, ಕೆಂಪನೆಯ, ಖಾರದ ಸಾರು. ಹುಬ್ಬಳ್ಳಿಯಲ್ಲಿ ಸಿಗದ ಸಾಮಾನು ಇದರಲ್ಲಿ ಹೆಚ್ಚೇನೂ ಇಲ್ಲ.

ಇಲ್ಲಿ ಇದನ್ನು ಯಾರೂ ವೀಗನ್ ಅಂತ ಕರೆಯುವುದಿಲ್ಲ. ಉಪವಾಸದ ಊಟ ಅಂತಾರೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ನಡೆಯುವುದಿಲ್ಲ. ಈಸ್ಟರ್‌ಗೆ ಮುಂಚೆ 55 ದಿನದ ದೊಡ್ಡ ಉಪವಾಸ ಬೇರೆ. ಇಷ್ಟು ದಿನ ಬೆಣ್ಣೆ ಮುಟ್ಟದೆ ದುಡಿಯುವ ಜನ ಹೊಟ್ಟೆ ತುಂಬುವ ಅಡುಗೆ ಕಂಡುಕೊಳ್ಳದೆ ಇರುತ್ತಾರಾ? ಶುಕ್ರವಾರ ಮಧ್ಯಾಹ್ನ ಹೋಟೆಲ್‌ಗೆ ಹೋಗಿ ಬೆಯಾಯ್ನೆತು ಅಂತ ಹೇಳಿದರೆ ಅಗಲವಾದ ತಟ್ಟೆಯ ತುಂಬಾ ಇಂಜೆರಾ, ಅಂದರೆ ಇಲ್ಲಿನ ಹುಳಿ ದೋಸೆಯಂಥ ರೊಟ್ಟಿ, ಹಾಸಿ, ಅದರ ಮೇಲೆ ಚನ್ನಂಗಿಬೇಳೆ, ಶಿರೊ ಅನ್ನುವ ಕಾಳಿನ ಹಿಟ್ಟಿನ ಗಟ್ಟಿ ಸಾರು, ಸೊಪ್ಪು, ಬೀಟ್‌ರೂಟ್, ಆಲೂಗಡ್ಡೆ ಎಲ್ಲವನ್ನೂ ಗುಡ್ಡೆ ಗುಡ್ಡೆಯಾಗಿ ಬಡಿಸಿ ತಂದಿಡುತ್ತಾರೆ. ಏನೋ ಬಿಟ್ಟು ಊಟ ಮಾಡುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ.

ಈಗ ಮುಖ್ಯವಾದ ಮಾತು. ಈ ಅಡುಗೆಯ ಜೀವ ಇರುವುದು ಈರುಳ್ಳಿಯಲ್ಲಿ. ಮುಕ್ಕಾಲು ಕೆಜಿ ಆಲೂಗಡ್ಡೆಗೆ ಅರ್ಧ ಕೆಜಿ ಈರುಳ್ಳಿ ಬೇಕು. ಜಾಸ್ತಿ ಆಯಿತು ಅಂತ ಕಡಿಮೆ ಮಾಡಬೇಡ. ಸಣ್ಣಗೆ, ಆದಷ್ಟೂ ಸಣ್ಣಗೆ ಹೆಚ್ಚು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಹಾಕದೆ, ಹೌದು, ಒಂದು ಹನಿಯೂ ಹಾಕದೆ, ಬರೀ ಈರುಳ್ಳಿಯನ್ನೇ ಸಣ್ಣ ಉರಿಯಲ್ಲಿ ಬಾಡಿಸುತ್ತಾ ಹೋಗು. ನಮ್ಮ ಕಡೆ ಎಣ್ಣೆ ಕಾಯಿಸದೆ ಒಗ್ಗರಣೆಯೇ ಇಲ್ಲ, ಆದ್ದರಿಂದ ಕೈ ತಡೆಯುತ್ತದೆ, ಗೊತ್ತು. ಮೊದಲು ಈರುಳ್ಳಿ ನೀರು ಬಿಡುತ್ತದೆ, ಆಮೇಲೆ ಆ ನೀರು ಇಂಗುತ್ತದೆ, ಕಣ್ಣಿಗೆ ಚುಚ್ಚುವ ಘಾಟು ಹೋಗಿ ಸಿಹಿ ವಾಸನೆ ಬರುತ್ತದೆ, ಕಾಲು ಕೆಜಿಯಷ್ಟೂ ಉಳಿದಿಲ್ಲ ಅನ್ನುವ ಹಾಗೆ ತಳಕ್ಕೆ ಕುಗ್ಗಿ ಮುದ್ದೆಯಾಗುತ್ತದೆ. ತಳ ಹಿಡಿಯಿತು ಅನ್ನಿಸಿದಾಗ ಒಂದೊಂದು ಚಮಚ ನೀರು ಚಿಮುಕಿಸು. ಇಪ್ಪತ್ತು ನಿಮಿಷ, ಬೇಕಾದರೆ ಅರ್ಧ ಗಂಟೆ. ಸಾರಿಗೆ ಮೈ ಬರುವುದು ಇದರಿಂದಲೇ, ಹಿಟ್ಟೂ ಬೇಡ, ತೆಂಗಿನಕಾಯಿಯೂ ಬೇಡ. ಅವಸರ ಮಾಡಿದರೆ ಸಿಗುವುದು ಬರೀ ಖಾರದ ನೀರು.

ಈರುಳ್ಳಿ ಮುದ್ದೆಯಾದ ಮೇಲೆ ಎಣ್ಣೆ, ಆರು ದೊಡ್ಡ ಚಮಚ. ಎಣ್ಣೆ ವಿಷಯಕ್ಕೆ ಬಂದರೆ ನಿನಗೆ ಇಷ್ಟವಾಗುವ ಒಂದು ಸಂಗತಿ ಇದೆ. ಇಲ್ಲಿ ಉಪವಾಸದ ಅಡುಗೆಗೆ ಹಿಂದಿನಿಂದಲೂ ಬಳಸುವುದು ನೂಗ್ ಎಣ್ಣೆ. ನೂಗ್ ಅಂದರೆ ನಿಮ್ಮ ಮನೆಯಲ್ಲಿ ಚಟ್ನಿಪುಡಿ ಮಾಡುವ ಅದೇ ಗುರೆಳ್ಳು. ಅದರ ತವರು ಇಥಿಯೋಪಿಯಾ. ನಮ್ಮ ರಾಗಿ, ಜೋಳದ ಮೂಲವೂ ಆಫ್ರಿಕಾದ ಈ ಕಡೆಯದೇ. ಆದರೆ ಆಲೂಗಡ್ಡೆ ಇಲ್ಲಿಗೆ ತೀರಾ ಈಚೆಗೆ ಬಂದದ್ದು, 1858ರ ಸುಮಾರಿಗೆ ಷಿಂಪರ್ ಎಂಬ ಜರ್ಮನ್ ಸಸ್ಯವಿಜ್ಞಾನಿ ತಂದರು ಅಂತ ದಾಖಲೆ ಇದೆ. ಗಾಣದ ಗುರೆಳ್ಳೆಣ್ಣೆ ಸಿಕ್ಕರೆ ತಗೋ, ಇಲ್ಲವಾದರೆ ಶೇಂಗಾ ಎಣ್ಣೆ ಸಾಕು.

ಎಣ್ಣೆ ಬಿಸಿಯಾದ ಮೇಲೆ ಎರಡು ದೊಡ್ಡ ಚಮಚ ಬೆರ್ಬೆರೆ. ಅದು ಇಲ್ಲಿನ ಖಾರದ ಪುಡಿ. ಮನೆಗಳಲ್ಲಿ ಮೆಣಸಿನಕಾಯಿಗೆ ಬೆಳ್ಳುಳ್ಳಿ, ಶುಂಠಿ, ತುಳಸಿ ಜಾತಿಯ ಸೊಪ್ಪು ಸೇರಿಸಿ, ಬಿಸಿಲಲ್ಲಿ ಒಣಗಿಸಿ, ಮಸಾಲೆ ಕೂಡಿಸಿ ಗಿರಣಿಗೆ ಕೊಡುತ್ತಾರೆ. ನೀನು ಅಷ್ಟೆಲ್ಲಾ ಮಾಡಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇಪ್ಪತ್ತು ತಗೋ, ಬಣ್ಣಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಖಾರಕ್ಕೆ ನಾಲ್ಕು ಗುಂಟೂರು. ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಮೆಂತ್ಯ, ಸ್ವಲ್ಪ ಓಂಕಾಳು, ಸ್ವಲ್ಪ ಕಲೋಂಜಿ, ಮೆಣಸು, ಎರಡು ಲವಂಗ, ಒಂದು ಚೂರು ಚಕ್ಕೆ. ಬೆಚ್ಚಗೆ ಹುರಿದು, ಒಣಶುಂಠಿ ಸೇರಿಸಿ ಪುಡಿ ಮಾಡು. ಮೆಂತ್ಯ ಕಪ್ಪಾಗಲು ಬಿಡಬೇಡ, ಇಡೀ ಪುಡಿ ಕಹಿಯಾಗುತ್ತದೆ.

ಇದನ್ನೂ ನಿಧಾನವಾಗಿ ಬೇಯಿಸಬೇಕು. ಹತ್ತು ನಿಮಿಷ, ಆಗಾಗ ಸ್ವಲ್ಪ ಬಿಸಿನೀರು ಹಾಕುತ್ತಾ, ಕೈಯಾಡಿಸುತ್ತಾ. ಹಸಿ ಖಾರದ ವಾಸನೆ ಹೋಗಿ, ಬಣ್ಣ ಇಟ್ಟಿಗೆ ಕೆಂಪಿನಿಂದ ಗಾಢ ಕಂದುಗೆಂಪಿಗೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾದಾಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಎರಡು ಟೊಮೆಟೊ ಹಾಕು. ಟೊಮೆಟೊ ಕರಗಿದ ಮೇಲೆ ಆಲೂಗಡ್ಡೆ. ಹೋಳು ದೊಡ್ಡದಿರಲಿ, ಒಂದು ಆಲೂಗಡ್ಡೆಗೆ ನಾಲ್ಕೇ ಭಾಗ. ಎರಡು ನಿಮಿಷ ಹೊರಳಿಸಿ, ಮುಳುಗುವಷ್ಟು ಬಿಸಿನೀರು, ಉಪ್ಪು ಹಾಕಿ ಮುಚ್ಚಿಡು. ಕುಕ್ಕರ್ ಬೇಡ. ಬೆಂದ ಮೇಲೆ ಎರಡು ಮೂರು ಹೋಳನ್ನು ಸೌಟಿನಿಂದ ಪಾತ್ರೆಯ ಬದಿಗೆ ಒತ್ತಿ ಹಿಸುಕಿಬಿಡು, ಸಾರು ಹೋಳಿಗೆ ಅಂಟಿಕೊಳ್ಳುತ್ತದೆ.

ಒಲೆ ಆರಿಸುವ ಮುಂಚೆ ಇಲ್ಲಿಯವರು ಕೊರರಿಮಾ ಪುಡಿ ಉದುರಿಸುತ್ತಾರೆ. ಏಲಕ್ಕಿಯ ಜಾತಿಯದು, ಆದರೆ ದೊಡ್ಡದು, ಕಂದು ಬಣ್ಣದ ಕಾಯಿ. ಮೆರ್ಕಾಟೊ ಮಾರುಕಟ್ಟೆಯಲ್ಲಿ ದಾರಕ್ಕೆ ಪೋಣಿಸಿದ್ದನ್ನು ನೋಡಿದರೆ ಸರ ಅಂದುಕೊಳ್ಳಬೇಕು. ಕಾಯಿ ಒಡೆದರೆ ಒಳಗೆ ಗುಂಡನೆಯ ಹೊಳೆಯುವ ಬೀಜ, ಹೊಗೆಯ ಹಾಗೆ, ಸ್ವಲ್ಪ ಕರ್ಪೂರದ ಹಾಗೆ ಪರಿಮಳ. ನೀನು ಕಪ್ಪು ಏಲಕ್ಕಿಯ ಬೀಜ ಕುಟ್ಟಿ ಒಂದು ಚಿಟಿಕೆ ಹಾಕು. ಹಸಿರು ಏಲಕ್ಕಿ ಹಾಕಿದರೆ ಪಾಯಸದ ನೆನಪು ಬರುತ್ತದೆ, ಹಾಗಾಗಿ ಅದು ಬೇಡ. ಆಮೇಲೆ ಕಾಲು ಗಂಟೆ ಸುಮ್ನೆ ಮುಚ್ಚಿಡು.

ಇಂಜೆರಾ ಮಾಡುವ ಗೋಜಿಗೆ ಈಗಲೇ ಹೋಗಬೇಡ. ಟೆಫ್ ಅನ್ನುವ ಇಲ್ಲಿನ ಸಣ್ಣ ಧಾನ್ಯದ ಹಿಟ್ಟು ಬೇಕು, ಎರಡು ಮೂರು ದಿನ ಹುಳಿ ಬರಿಸಬೇಕು. ಜೋಳದಿಂದ ಇಂಜೆರಾ ಮಾಡುವವರೂ ಇಲ್ಲಿ ಇದ್ದಾರೆ, ಹಾಗಿರುವಾಗ ನಿನ್ನ ಬಿಸಿ ಜೋಳದ ರೊಟ್ಟಿಗೆ ಯಾರೂ ತಕರಾರು ಮಾಡಲಾರರು. ಪಕ್ಕದಲ್ಲಿ ನಿಂಬೆಹುಳಿ ಹಿಂಡಿದ ಹಸಿ ಟೊಮೆಟೊ, ಈರುಳ್ಳಿ ಇರಲಿ, ಇಂಜೆರಾದ ಹುಳಿ ಇಲ್ಲದ ಕೊರತೆ ಅದು ತುಂಬುತ್ತದೆ. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ. ಇಲ್ಲಿ ಮೊದಲ ತುತ್ತನ್ನು ಮಡಚಿ ಪಕ್ಕದಲ್ಲಿ ಕೂತವರ ಬಾಯಿಗೆ ಇಡುತ್ತಾರೆ, ಗುರ್ಶಾ ಅಂತ. ಅದು ನನಗೆ ಈ ಊರಿನಲ್ಲಿ ತುಂಬಾ ಪ್ರೀತಿಯ ಸಂಗತಿ. ನಿಮ್ಮ ಅವ್ವನಿಗೆ ಒಂದು ತುತ್ತು ಹಾಗೆ ಕೊಡು.

ಉಳಿದರೆ ಚೆಲ್ಲಬೇಡ, ಮರುದಿನ ರುಚಿ ಜಾಸ್ತಿ. ಬೆಳಿಗ್ಗೆ ಸ್ವಲ್ಪ ನೀರು ಸೇರಿಸಿ ಕುದಿಸಿ, ಹಿಂದಿನ ದಿನದ ರೊಟ್ಟಿ ಮುರಿದು ಹಾಕಿ ಕಲಸು. ಇಲ್ಲಿ ಇಂಜೆರಾದಲ್ಲಿ ಮಾಡುವ ಫಿರ್ಫಿರ್ ಅದೇ. ಕೆಲಸಕ್ಕೆ ಹೊರಡುವ ಮುಂಚೆ ತಿಂದು ಹೋಗು, ಎಷ್ಟು ಹೊತ್ತಿಗೆ ಹಸಿವಾಯಿತು ಅಂತ ನನಗೆ ಬರೆ.

ನಿನ್ನ ಗೆಳೆಯ