ಉತ್ತರ ಓಡಿದ್ದು ತೋರಿಸಿದಿರಿ, ತಿರುಗಿ ಬಂದದ್ದು ಎಲ್ಲಿ?

ಮಾನ್ಯರೇ,

ಬಳ್ಳಾರಿ ಕೌಲ್‌ಬಜಾರಿನ ಬಯಲಾಟ 'ಯಶಸ್ವಿ' ಎಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅರ್ಧಕ್ಕೆ ನಿಂತ ಆಟ ಯಶಸ್ವಿ ಆಗುವುದು ಹೇಗೆ? ಮಹಾಭಾರತದ 'ಉತ್ತರ ಗೋಗ್ರಹಣ' ಪ್ರಸಂಗ ಸಂಜೆ 6ಕ್ಕೆ ಎಂದು ಕರಪತ್ರ ಹಂಚಿ, ಎಂಟೂಮುಕ್ಕಾಲರ ತನಕ ಹಾರ, ಶಾಲು, ಭಾಷಣ. ಹತ್ತಕ್ಕೆ ಮೈಕಿನ ವೈರು ಕಿತ್ತರು. ಆಗಿನ್ನೂ ವಿರಾಟರಾಜನ ಮಗ ಉತ್ತರಕುಮಾರ ಬಿಲ್ಲು ಬಿಸಾಕಿ ರಥದಿಂದ ಹಾರಿ ಓಡಿದ್ದನಷ್ಟೇ. ಕರೆತಂದಿದ್ದ ಹಾಸ್ಟೆಲ್ ಮಕ್ಕಳು 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ನಗುತ್ತಾ ಎದ್ದುಹೋದರು. ಅದು ಮಕ್ಕಳ ತಪ್ಪಲ್ಲ.

ಆ ಪ್ರಸಂಗದ ಜೀವ ಇರುವುದೇ ಓಟದ ನಂತರ. ಬೃಹನ್ನಳೆ ವೇಷದ ಅರ್ಜುನ ನೂರು ಹೆಜ್ಜೆ ಅಟ್ಟಿಸಿಕೊಂಡು ಹೋಗಿ ಜುಟ್ಟು ಹಿಡಿಯುತ್ತಾನೆ. ನೂರು ಚಿನ್ನದ ನಾಣ್ಯ, ಎಂಟು ವೈಡೂರ್ಯ, ಹತ್ತು ಮದ್ದಾನೆ ಕೊಡುತ್ತೇನೆ, ಬಿಟ್ಟುಬಿಡು ಎಂದು ಹುಡುಗ ಅಂಗಲಾಚುತ್ತಾನೆ. ಅರ್ಜುನ ಬರೀ ಧೈರ್ಯ ಹೇಳಿ ಸುಮ್ಮನಾಗುವುದಿಲ್ಲ, ಕೈಗೆ ಕೆಲಸ ಕೊಡುತ್ತಾನೆ: ಯುದ್ಧ ನನಗಿರಲಿ, ನೀನು ಲಗಾಮು ಹಿಡಿ. ಆಮೇಲೆ ಬನ್ನಿಮರ. ಹೆಣ ಕಟ್ಟಿದ ಮರ ಎಂದು ಹಿಂಜರಿದವನು ಹತ್ತಿ, ಗಂಟು ಬಿಚ್ಚಿ, ಈ ಬಿಲ್ಲು ಯಾರದು, ಆ ಬಿಲ್ಲು ಯಾರದು ಎಂದು ಕೇಳುತ್ತಾನೆ. ಅರ್ಜುನನ ಹತ್ತು ಹೆಸರು ಕೇಳಿದ ಮೇಲೇ ಅವನಿಗೆ ನಂಬಿಕೆ. ಅದೂ ಪೂರ್ತಿ ಅಲ್ಲ. ಯುದ್ಧದ ನಡುವೆ ರಕ್ತ, ಕೊಬ್ಬಿನ ವಾಸನೆಗೆ ತಲೆ ತಿರುಗಿ, ಇನ್ನು ಕುದುರೆ ಹಿಡಿಯಲಾರೆ ಎನ್ನುತ್ತಾನೆ. ಭಯ ಮತ್ತೆ ಬಂದಿದೆ, ಆದರೆ ಈ ಸಲ ರಥ ಇಳಿಯುವುದಿಲ್ಲ. ಊರಿಗೆ ಬಂದಾಗ ಅಪ್ಪ ಕೊಂಡಾಡಿದರೆ, ಗೆದ್ದವನು ನಾನಲ್ಲ ಎನ್ನುತ್ತಾನೆ. ಹೆಂಗಸರ ಮುಂದೆ ಜಂಬ ಕೊಚ್ಚಿದ್ದ ಅದೇ ಬಾಯಿ! ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ರಥದ ಮೇಲೆ ಆನೆ ನುಗ್ಗಿಸಿ, ನಾಲ್ಕೂ ಕುದುರೆ ಕೆಡವಿ, ಅವನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿ ಸತ್ತವನೂ ಇವನೇ.

ಸಂಘಟಕರೇ, ಇಷ್ಟೂ ನುಂಗಿಹಾಕಿದಿರಿ. ಬನ್ನಿ ಟೊಂಗೆ ಕಟ್ಟಿದ್ದ ಬಿದಿರಿನ ಏಣಿ ಹತ್ತುವವರಿಲ್ಲದೆ ವೇದಿಕೆ ಮೇಲೆ ಹಾಗೇ ನಿಂತಿತ್ತು. ಮಧ್ಯಾಹ್ನ ಮೂರಕ್ಕೇ ಬಣ್ಣಕ್ಕೆ ಕೂತಿದ್ದ ಉತ್ತರನ ಪಾತ್ರಧಾರಿ ಒಂದು ಭುಜಕೀರ್ತಿ ಬಿಚ್ಚಿ, ಇನ್ನೊಂದು ಹಾಗೇ ಉಳಿಸಿಕೊಂಡು, ಲಗಾಮಿನ ಹಗ್ಗ ಕೈಗೆ ಸುತ್ತಿಕೊಂಡು ಕತ್ತಲಲ್ಲಿ ನಿಂತಿದ್ದ.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬೇಡ ಎನ್ನುವುದು 2000ದ ಶಬ್ದಮಾಲಿನ್ಯ ನಿಯಮ, ಸರಿ. ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ವರ್ಷದಲ್ಲಿ 15 ದಿನ ಮೀರದಂತೆ 12ರ ತನಕ ಸರ್ಕಾರ ವಿನಾಯಿತಿ ಕೊಡಬಹುದು ಎಂದೂ ಅದರಲ್ಲೇ ಇದೆ. ಅರ್ಜಿ ಹಾಕಲು ಯಾರಿಗೂ ಪುರುಸೊತ್ತಿರಲಿಲ್ಲವೇ? ಹೋಗಲಿ, ಮೈಕಿಲ್ಲದೆಯೇ ಭಾಗವತರು ಹಾಡುತ್ತಿದ್ದರು, ಲೈಟೂ ಆರಿಸಿದಿರಿ. ಚಪ್ಪಲಿ ಹುಡುಕಲು ಮೊಬೈಲ್ ಬೆಳಕು, ಕುಡಿಯಲು ಹನಿ ನೀರಿಲ್ಲ, ಹಳ್ಳಿಯವರಿಗೆ ಕೊನೇ ಬಸ್ಸೂ ತಪ್ಪಿ ಆಟೊದವರು ಕೇಳಿದಷ್ಟು ತೆರಬೇಕಾಯಿತು. ಹೋದ ವರ್ಷವೂ ಇದೇ ಪಾಡು. ಮೇಳದವರ ಸಂಭಾವನೆಗೆ ತಿಂಗಳುಗಟ್ಟಲೆ ಅಲೆದಾಟ. ಫೈಲು ಎಲ್ಲಿದೆ ಎಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ.

ಪೂರ್ತಿ ಆಟ ಮತ್ತೊಮ್ಮೆ ಆಡಿಸಿ, ಅದೇ ಮಕ್ಕಳನ್ನು ಕರೆಸಿ. ಇಲ್ಲವೇ ಬಯಲಾಟದ ಹೆಸರು ಹೇಳಿ ಸನ್ಮಾನ ಮಾಡಿಕೊಳ್ಳುವುದನ್ನಾದರೂ ಬಿಡಿ. ನಿಮಗೆ ನಾಚಿಕೆಯಾಗಬೇಕು.

– ಬಯಲಾಟದ ಪ್ರೇಕ್ಷಕ, ಬಳ್ಳಾರಿ