ಅಡ್ಯಾರ್‌ನ ಬಾಡಿಗೆ ಮನೆಗಳೂ ಗಣತಿಗೆ ಸಿಗಲಿ

ಮಾನ್ಯರೇ,

ಪಡೀಲ್ ದಾಟಿ ಬಿ.ಸಿ.ರೋಡ್ ಕಡೆಗೆ ಹೋಗುವಾಗ ಕಣ್ಣೂರಿನವರೆಗೆ ಮಂಗಳೂರು ಮಹಾನಗರಪಾಲಿಕೆ, ಆಮೇಲೆ ನಮ್ಮ ಅಡ್ಯಾರ್ ಗ್ರಾಮ ಪಂಚಾಯತ್. ಗಡಿ ಎಲ್ಲಿ ದಾಟಿತೆಂದು ಬಸ್ಸಿನಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ಆಚೆಗೂ ಈಚೆಗೂ ಅದೇ ಟೈಲ್ಸ್ ಅಂಗಡಿ, ಅದೇ ಗ್ಯಾರೇಜು, ಅದೇ ಫ್ಲ್ಯಾಟು. ಪಿನ್‌ಕೋಡ್ ಕೂಡ 575007, ಮಂಗಳೂರಿನದ್ದೇ. ಈ ಭಾಗದಲ್ಲಿ ಬಹಳ ವರ್ಷ ಕಾಗದ ಹಂಚಿ ನಿವೃತ್ತನಾದವನು ನಾನು. ಜನಗಣತಿಯ ಬಗ್ಗೆ ಒಂದು ಮಾತು ಹೇಳಲಿಕ್ಕುಂಟು.

ಮೊದಲು ಊರಿನ ನೆಲದ ವಿಷಯ. ದಕ್ಷಿಣಕ್ಕೆ ನೇತ್ರಾವತಿ, ಅದಕ್ಕೆ ತಾಗಿ ತೆಂಗಿನ ತೋಟ, ಬೈಲು, ನಡುವೆ ಹೆದ್ದಾರಿ, ಉತ್ತರಕ್ಕೆ ಹತ್ತುತ್ತಾ ಹೋದರೆ ಮುರಕಲ್ಲಿನ ಗುಡ್ಡೆ, ಅದರ ಮೇಲೆ ಪದವು, ಎಂದರೆ ಬೋಳು ಬಯಲು. ಹಿಂದೆ ಜನ ಇದ್ದದ್ದು ಕೆಳಗೆ, ನೀರಿದ್ದಲ್ಲಿ. 1923ರ ಮಾರಿಬೊಳ್ಳದ (ಮಹಾನೆರೆಯ) ಕಥೆ, 1974ರ ನೆರೆಯ ಕಥೆ ಹೇಳುವಾಗ ಹಿರಿಯರು ಗೋಡೆ ಮುಟ್ಟಿ ‘ನೀರು ಇಲ್ಲಿಯವರೆಗೆ’ ಎನ್ನುತ್ತಿದ್ದರು. ಪದವಿನಲ್ಲಿ ಮುಳಿಹುಲ್ಲು, ನಾಲ್ಕು ಗೇರುಮರ, ಮೇಯುವ ದನ, ಅಷ್ಟೇ. ಈಗ ಗುಡ್ಡೆಯನ್ನು ಜೆಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಆ ಮಣ್ಣನ್ನು ಕೆಳಗಿನ ಗದ್ದೆಗೆ ತುಂಬಿಸಿ, ಎರಡು ಕಡೆಯೂ ಸೈಟು ಮಾಡಿದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಮೇಲಿನವರಿಗೆ ಗುಡ್ಡೆ ಕಡಿದ ಬರೆ ಜರಿಯುವ ಹೆದರಿಕೆ, ಕೆಳಗಿನವರಿಗೆ ತೋಡು ಮುಚ್ಚಿಹೋಗಿ ಅಂಗಳದಲ್ಲಿ ನೀರು. ಏಪ್ರಿಲ್ ಬಂದರೆ ಪದವಿಗೆ ಟ್ಯಾಂಕರ್ ಹತ್ತುತ್ತದೆ. ತುಂಬೆ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ಹೋಗುವ ನೀರಿನ ಪೈಪು ನಮ್ಮೂರಿನ ಮೂಲಕವೇ ಹಾದುಹೋಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹರೇಕಳ–ಅಡ್ಯಾರ್ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಆದ ಮೇಲಂತೂ ಹೊಳೆ ಒಂದು ಗಡಿಯೇ ಅಲ್ಲ ಎಂಬಂತಾಗಿದೆ. ದೋಣಿ ಕಾಯಬೇಕಿದ್ದವರು, ಇಲ್ಲವೇ ತೊಕ್ಕೊಟ್ಟು ಸುತ್ತಿ ಬರಬೇಕಿದ್ದವರು ಈಗ ಸ್ಕೂಟರಿನಲ್ಲಿ ಬಂದು ಅಡ್ಯಾರ್‌ಕಟ್ಟೆಯಲ್ಲಿ ಮೀನು ಕೊಂಡು ಹೋಗುತ್ತಾರೆ. ಜಾಗದ ರೇಟು ಏರಿದ್ದನ್ನು ಬೇರೆ ಹೇಳಬೇಕೇ?

ಇನ್ನು ಜನ. ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಆಗ ನಮ್ಮ ಜಿಲ್ಲೆಯಲ್ಲಿ 20,89,649 ಮಂದಿ. ಅವರಲ್ಲಿ ನೂರಕ್ಕೆ 47ರಷ್ಟು ಪಟ್ಟಣವಾಸಿಗಳು. ಆ ಲೆಕ್ಕದಲ್ಲಿ ಅಡ್ಯಾರ್ ಕೂಡ ಸೇರಿದೆ. 5,000ಕ್ಕೆ ಕಡಿಮೆಯಿಲ್ಲದ ಜನ, ಚದರ ಕಿ.ಮೀ.ಗೆ ಕನಿಷ್ಠ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟವರು ಎಂದಾದರೆ ಜನಗಣತಿಯವರು ಅದನ್ನು ಪಟ್ಟಣ ಎನ್ನುತ್ತಾರೆ. ಆಡಳಿತಕ್ಕೆ ಮಾತ್ರ ನಾವು ಹಳ್ಳಿಯೇ. ಪಂಚಾಯತ್ ಕಾಯ್ದೆಯ ಪ್ರಕಾರ 400 ಜನರಿಗೆ ಒಬ್ಬ ಸದಸ್ಯ. ಆ 400 ಯಾವ ವರ್ಷದ್ದು? 2011ರದ್ದು. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚಿದಾಗಲೂ 90 ಪಾಲು ತೂಕ ಅದೇ 2011ರ ಜನಸಂಖ್ಯೆಗೆ, ಉಳಿದ 10 ವಿಸ್ತೀರ್ಣಕ್ಕೆ. 2021ರ ಗಣತಿ ಕೊರೊನಾದಿಂದ ನಿಂತಿತು, ಅದು 2027ಕ್ಕೆ ಹೋಯಿತು. 2011ರ ನಂತರ ಬಂದು ನೆಲೆಸಿದವರೆಲ್ಲ ಸರಕಾರದ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಅವರು ಯಾರು ಎಂದು ಕಾಗದ ಕೊಡುತ್ತಿದ್ದವನಿಗೆ ಗೊತ್ತು. ಕೊಪ್ಪಳ, ಗದಗದಿಂದ ಕಲ್ಲು-ಗಾರೆ ಕೆಲಸಕ್ಕೆ ಬಂದ ಸಂಸಾರಗಳು, ಒಡಿಶಾ, ಬಿಹಾರದ ಹುಡುಗರು, ಕಾಲೇಜಿಗೆ ಬಂದ ಕೇರಳದ ಮಕ್ಕಳು. ವಿಳಾಸ ಹೇಗಿರುತ್ತದೆ ಎಂದರೆ, ಕೇರಾಫ್ ಇಂಥವರು, ಮಸೀದಿ ಹಿಂದೆ, ನೀಲಿ ಗೇಟು, ಮೇಲಿನ ರೂಮು. ಹೋಗಿ ನೋಡಿದರೆ ಸಿಮೆಂಟ್ ಶೀಟಿನ ಲೈನ್ ಮನೆ. ಗೋಡೆಯಲ್ಲಿ ಸಬ್‌ಮೀಟರ್ ಆರು, ಜಗಲಿಯಲ್ಲಿ ಚಪ್ಪಲಿ ರಾಶಿ, ಪಂಚಾಯತ್ ಪುಸ್ತಕದಲ್ಲಿ ಡೋರ್ ನಂಬರ್ ಒಂದು! ಆರು ಬಾಗಿಲಿಗೆ ತೆರಿಗೆ ಬೀಳುತ್ತದೆಂದು ಮನೆಯ ಧನಿಗಳು ಬಾಡಿಗೆಯವರ ಸುದ್ದಿಯನ್ನೇ ಎತ್ತುವುದಿಲ್ಲ. ಸರ್ವೆಗೆ ಯಾರೇ ಬಂದರೂ ‘ಹಿಂದಿನ ರೂಮಿಗೆ ಬೀಗ’ ಎನ್ನುವ ಉತ್ತರ ತಯಾರು. ಸರಕಾರವನ್ನು ಬೈಯುವುದು ಸುಲಭ. ನಮ್ಮ ಜನ ಕಡಿಮೆ ಕಾಣುವಂತೆ ಮಾಡುವುದು ಅರ್ಧ ನಾವೇ.

ಇಲ್ಲಿ ಹೆದರುವಂಥದ್ದು ಏನೂ ಇಲ್ಲ ಮಾರಾಯ್ರೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಯವರು ಕೊಟ್ಟ ಮಾಹಿತಿ ಗುಟ್ಟಾಗಿಯೇ ಉಳಿಯಬೇಕು. ಅದನ್ನು ತೆಗೆದು ನೋಡುವ ಹಕ್ಕು ತೆರಿಗೆಯವರಿಗಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಡೆಯುವುದಿಲ್ಲ. 9/11, ಅಂದರೆ ಪಂಚಾಯತ್‌ನ ನಮೂನೆ 9 ಮತ್ತು 11ರ ಆಸ್ತಿ ದಾಖಲೆ, ಆಗದ ಮನೆಯಾದರೂ ಅಷ್ಟೇ. ಗಣತಿಗೆ ಬೇಕಾದದ್ದು ಅಲ್ಲಿ ವಾಸ ಯಾರು ಎಂಬುದು, ಜಾಗದ ಕಾಗದಪತ್ರ ಅಲ್ಲ.

ನಮ್ಮನ್ನು ಪಾಲಿಕೆಗೆ ಸೇರಿಸಿ ಎಂದೋ, ಪಟ್ಟಣ ಪಂಚಾಯತ್ ಮಾಡಿ ಎಂದೋ ನಾನು ಬರೆಯುತ್ತಿಲ್ಲ. ಆ ಚರ್ಚೆ ಹೋಟೆಲಿನಲ್ಲಿ ದಿನಾ ಉಂಟು, ಸೇರಿದರೆ ತೆರಿಗೆ ಹೆಚ್ಚುತ್ತದೆಂದು ಅರ್ಧ ಜನ, ಸೇರದಿದ್ದರೆ ಒಳಚರಂಡಿ ಯಾವ ಕಾಲಕ್ಕೆ ಎಂದು ಇನ್ನರ್ಧ. ಎಷ್ಟು ಜನ ಇದ್ದೇವೆ ಎಂದು ತಿಳಿಯದೆ ಆ ಮಾತಾಡಿ ಪ್ರಯೋಜನವಿಲ್ಲ. ಪಟ್ಟಣ ಪಂಚಾಯತ್ ಆಗಲಿಕ್ಕೂ ಕಾನೂನು 10,000 ಜನ ಕೇಳುತ್ತದೆ.

2027ರ ಫೆಬ್ರವರಿಯ ತಲೆ ಎಣಿಕೆಗೆ ಬರುವ ಗಣತಿದಾರರು ಹೆಚ್ಚಾಗಿ ಶಾಲೆಯ ಮೇಷ್ಟ್ರು, ಟೀಚರುಗಳು. ಒಬ್ಬೊಬ್ಬರಿಗೆ 700-800 ಜನರ ಬ್ಲಾಕು. ಪರವೂರಿನ ಟೀಚರಿಗೆ ನಮ್ಮ ಓಣಿಯ ಹಿಂಬಾಗಿಲು ಎಲ್ಲಿ ಗೊತ್ತಾಗಬೇಕು? ಅಂಗನವಾಡಿ ಕಾರ್ಯಕರ್ತೆಯನ್ನೋ ಮೆಸ್ಕಾಂ ಮೀಟರ್ ರೀಡರನ್ನೋ ದಾರಿ ತೋರಿಸಲು ಜತೆಗೆ ಕಳಿಸಲಿ. ಹೊತ್ತು ಮುಳುಗಿದ ಮೇಲೆ ಅಥವಾ ಭಾನುವಾರ ಬರಲಿ, ಕೆಲಸದವರು ರೂಮಿನಲ್ಲಿರುವುದು ಆಗ. ತೆರಿಗೆಗೂ ಗಣತಿಗೂ ಸಂಬಂಧವಿಲ್ಲವೆಂದು ಪಂಚಾಯತ್‌ನವರು ಕನ್ನಡ, ಹಿಂದಿ, ಮಲಯಾಳದಲ್ಲಿ ಚೀಟಿ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡ್, ರೇಷನ್ ಅಂಗಡಿ, ಮಸೀದಿ, ದೇವಸ್ಥಾನ, ಇಗರ್ಜಿಗಳ ನೋಟಿಸ್ ಬೋರ್ಡಿಗೆ ಅಂಟಿಸಲಿ. ಮನೆ ತೋರಿಸಲು ಜನ ಸಾಲದಿದ್ದರೆ ನಾನೂ ಬರುತ್ತೇನೆ.

— ನಿವೃತ್ತ ಅಂಚೆ ನೌಕರ, ಅಡ್ಯಾರ್, ಮಂಗಳೂರು ತಾಲೂಕು